ಬೊಗ್ಗುವಿಗೆ ಈಗ ಬೇಕಾದದ್ದು

ಅಕ್ಕಾ, ಒಂದು ಗಳಿಗೆ ಅಲ್ಲೇ ನಿಲ್ಲಿ. ಬೊಗ್ಗುವನ್ನು ನಿನ್ನೆ ಸಂಜೆ ಮಂಗಳೂರಿನಿಂದ ಕರಕೊಂಡು ಬಂದಿರಂತೆ, ಹಿಂದಿನ ಎಡಗಾಲು ಪೂರ್ತಿ ತೆಗೆದಿದ್ದಾರಂತೆ. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಡಲು ಹೋದಾಗ ಗೊತ್ತಾಯಿತು. ಒಳಗೆ ಬಂದು ನೋಡುವ ಅಂತ ಆಸೆ ಉಂಟು, ಆದರೆ ಇವತ್ತು ಬೇಡ. ಅದಕ್ಕೆ ನಿಮ್ಮ ಮನೆಯವರ ವಾಸನೆ ಬಿಟ್ಟು ಬೇರೆ ವಾಸನೆ ಎರಡು ದಿನ ಮೂಗಿಗೆ ಬೀಳದಿರುವುದೇ ಒಳ್ಳೆಯದು. ಇಲ್ಲಿಂದಲೇ ಮಾತಾಡುವ.

ಯಾರು ಹಾಗೆ ಹೇಳಿದ್ದು ನಿಮಗೆ? ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಬಹುದಿತ್ತು, ನಾಯಿಗೆ ಅಷ್ಟು ಖರ್ಚು ಯಾಕೆ ಅಂತಲಾ? ಅಂಥವರ ಮಾತು ಮನಸ್ಸಿಗೆ ಹಾಕಿಕೊಳ್ಳಬೇಡಿ. ಅನಂತಪುರದ ಕೆರೆಯ ಬಬಿಯ ತೀರಿಹೋದಾಗ, 2022ರ ಅಕ್ಟೋಬರಿನಲ್ಲಿ, ಕುಂಬಳೆಗೆ ಎಷ್ಟು ಜನ ಬಂದಿದ್ದರು ನೆನಪುಂಟಲ್ಲ. ಒಂದು ಮೊಸಳೆಯನ್ನು ಕೊನೆಯ ಸಲ ನೋಡಲಿಕ್ಕೆ ಸಾಲು ನಿಂತ ಊರು ನಮ್ಮದು. ಮನೆ ಕಾದ ನಾಯಿಯ ಜೀವ ಉಳಿಸಿದ್ದಕ್ಕೆ ನೀವು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಮತ್ತೆ ಒಂದು ವಿಷಯ. ನೆದರ್ಲೆಂಡ್ಸ್ ದೇಶದ ವೈದ್ಯರು ಕಾಲು ತೆಗೆಸಿದ 44 ನಾಯಿಗಳ ಯಜಮಾನರನ್ನು ವಿಚಾರಿಸಿ 1999ರಲ್ಲಿ ಒಂದು ಲೇಖನ ಬರೆದಿದ್ದರು. ಹೆಚ್ಚಿನವರು ಹೇಳಿದ್ದು ಒಂದೇ: ನಾವು ಹೆದರಿದ್ದಕ್ಕಿಂತ ಬೇಗ ನಮ್ಮ ನಾಯಿ ಹೊಂದಿಕೊಂಡಿತು ಅಂತ. ನನಗೆ ಅದರಲ್ಲಿ ಏನೂ ಆಶ್ಚರ್ಯ ಇಲ್ಲ. ತವರುಮನೆಯಲ್ಲಿ ಕಂಡದ್ದು ಅದನ್ನೇ. ಬದಿಯಡ್ಕದ ರಸ್ತೆಯಲ್ಲಿ ಜೀಪು ಬಡಿದು ನಮ್ಮ ನಾಯಿ ಕರಿಯನ ಹೆಗಲಿನ ನರವೇ ಕಿತ್ತುಹೋಗಿತ್ತು. ಮೂಳೆ ಮುರಿದಿರಲಿಲ್ಲ, ಆದರೆ ಮುಂಗಾಲಿಗೆ ಸ್ಪರ್ಶವೇ ಇಲ್ಲ. ಪಾದ ಮಗುಚಿ ನೆಲಕ್ಕೆ ಉಜ್ಜಿ ಉಜ್ಜಿ ಮೇಲಿನ ಚರ್ಮ ಕಿತ್ತು ಬಂದಿತ್ತು. ಕೊನೆಗೆ ಹೆಗಲ ಮೂಳೆ ಸಮೇತ ತೆಗೆದರು. ಮುಂಗಾಲು ಹೋಗುವುದು ಹಿಂಗಾಲು ಹೋಗುವುದಕ್ಕಿಂತ ಕಷ್ಟ ಅಕ್ಕ. ನಾಯಿಯ ಭಾರದಲ್ಲಿ ನೂರಕ್ಕೆ 60 ಪಾಲು ಮುಂದಿನ ಎರಡು ಕಾಲಿನ ಮೇಲೆಯೇ ಇರುವುದು. ಅಷ್ಟು ಕಷ್ಟದ್ದನ್ನೂ ಕರಿಯ ಕಲಿತುಕೊಂಡ, ಮತ್ತೆ ಅಂಗಳದ ಅಡಿಕೆ ಕಾದ. ನಿಮ್ಮ ಬೊಗ್ಗುವಿಗೆ ಮುಂದಿನ ಎರಡೂ ಗಟ್ಟಿ ಉಂಟು.

ಪಾದ ಮಾತ್ರ ಕೊಳೆತದ್ದು, ಇಡೀ ಕಾಲು ಯಾಕೆ ತೆಗೆದರು ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆಯೇ. ಅರ್ಧ ಕಾಲು ಬಿಟ್ಟರೆ ನಾಯಿ ಅದನ್ನು ಊರಲು ನೋಡ್ತದೆ. ತುದಿ ನೆಲಕ್ಕೆ, ಮೆಟ್ಟಿಲಿಗೆ ಬಡಿದು ಗಾಯ ಮತ್ತೆ ಮತ್ತೆ ಬಿರಿಯುತ್ತದೆ. ಅದಕ್ಕೇ ತೊಡೆಯ ಮೇಲುಭಾಗದಲ್ಲಿ ಅಥವಾ ಸೊಂಟದ ಕೀಲಿನಲ್ಲೇ ತೆಗೆಯುವುದು. ನೋಡಲು ನಮಗೆ ಎದೆ ಝಲ್ಲೆನ್ನುತ್ತದೆ, ನಾಯಿಗೆ ಅದೇ ಸುಖ.

ರಾತ್ರಿ ಇಡೀ ಕುಂಯ್‌ಗುಟ್ಟಿತಾ? ಮೊದಲ ರಾತ್ರಿ ಹಾಗೆಯೇ. ಎಲ್ಲವೂ ನೋವಿನ ಅಳು ಅಲ್ಲ. ಅರಿವಳಿಕೆ ಇಳಿಯುವಾಗ, ಬಲವಾದ ನೋವಿನ ಮದ್ದಿನ ಅಮಲಿನಲ್ಲಿ, ಎಲ್ಲಿದ್ದೇನೆ ಅಂತ ಗೊತ್ತಾಗದೆ ಕೂಗುವುದೂ ಉಂಟು. ನೋವು ಗೊತ್ತಾಗುವುದು ಬೇರೆ ರೀತಿಯಲ್ಲಿ. ಸೆಕೆ ಇಲ್ಲದಿದ್ದರೂ ಏದುಸಿರು ಬಿಡ್ತದೆ, ಮಲಗಲು ಹೋಗಿ ಮಲಗುವುದಿಲ್ಲ, ನಡುಗುತ್ತದೆ, ಕಣ್ಣು ಮುಚ್ಚದೆ ಒಂದೇ ಕಡೆ ನೋಡುತ್ತಾ ಕೂರ್ತದೆ. ಒಮ್ಮೊಮ್ಮೆ ಸುಮ್ಮನೆ ಮಲಗಿದ್ದದ್ದು ಕಿರುಚಿ ಎದ್ದು, ಕಾಲು ಇದ್ದ ಜಾಗವನ್ನು ತಿರುಗಿ ನೋಡ್ತದೆ. ಮನುಷ್ಯರಿಗೆ ಇಲ್ಲದ ಕಾಲು ನೋಯುವ ಹಾಗೆ ಅವಕ್ಕೂ ನೋಯಬಹುದು ಅಂತ ಡಾಕ್ಟರರು ಹೇಳ್ತಾರೆ. ಅದಕ್ಕೆ ಗ್ಯಾಬಪೆಂಟಿನ್ ಅಂತ ಬೇರೆ ಮದ್ದು ಕೊಡುವುದುಂಟು. ಹಾಗೇನಾದರೂ ಕಂಡರೆ ಫೋನ್ ಮಾಡಿ ತಿಳಿಸಿ, ತಾನಾಗಿ ಹೋದೀತು ಅಂತ ಕಾಯಬೇಡಿ. ಮಾತ್ರೆಯನ್ನು ನಾಯಿ ಅತ್ತ ಮೇಲೆ ಕೊಡುವುದಲ್ಲ, ಹೊತ್ತಿಗೆ ಸರಿಯಾಗಿ ಕೊಡುವುದು. ನೋವು ಒಮ್ಮೆ ತಲೆ ಎತ್ತಿದರೆ ಅದನ್ನು ಇಳಿಸಲು ಎರಡರಷ್ಟು ಕಷ್ಟ. ಮತ್ತೆ ನಮ್ಮ ಡಬ್ಬದಲ್ಲಿರುವ ಬ್ರೂಫೆನ್, ಪ್ಯಾರಾಸಿಟಮಾಲ್ ಯಾವುದನ್ನೂ ಕೊಡಬೇಡಿ, ದಮ್ಮಯ್ಯ. ಬ್ರೂಫೆನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಿಬಿಡ್ತದೆ. ಡಾಕ್ಟರು ಕೊಟ್ಟದ್ದೇ ಆದರೂ, ವಾಂತಿಯಾದರೆ ಅಥವಾ ಹೇಲು ಕಪ್ಪಾದರೆ ನಿಲ್ಲಿಸಿ ಕೇಳಿ.

ಮುಟ್ಟುವಾಗಲೂ ಜಾಗ್ರತೆ. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚೀತು. ಮಕ್ಕಳು ಅಪ್ಪಿ ಹಿಡಿಯಲು ಹೋಗದ ಹಾಗೆ ನೋಡಿ.

ಈಗ ನಿಮ್ಮ ಮನೆಯ ನೆಲದ ಮಾತು. ನನಗೆ ಬೊಗ್ಗುವಿನ ಗಾಯಕ್ಕಿಂತ ಹೆಚ್ಚು ಹೆದರಿಕೆ ಆ ಟೈಲ್ಸಿನದು. ಹಿಂದೆ ಇದ್ದ ಸೆಗಣಿ ಸಾರಿಸಿದ ನೆಲದಲ್ಲಿ ನಾಯಿಗೆ ಉಗುರೂರಲು ಜಾಗ ಇತ್ತು. ಈಗಿನ ನುಣುಪಿನ ಮೇಲೆ ನಾಲ್ಕು ಕಾಲಿನ ನಾಯಿಯೇ ಜಾರ್ತದೆ. ಇದ್ದ ಒಂದು ಹಿಂಗಾಲು ಹೊರಗೆ ಜಾರಿದರೆ ಹಿಡಿದು ನಿಲ್ಲಿಸಲು ಇನ್ನೊಂದು ಇಲ್ಲ. ಹೊಲಿಗೆ ಬಿಚ್ಚಬಹುದು, ಮೊಣಕಾಲಿನ ಕಟ್ಟು ಹರಿಯಬಹುದು. ಅದಕ್ಕಿಂತ ಕೆಟ್ಟದ್ದು, ಎರಡು ಸಲ ಬಿದ್ದ ನಾಯಿ ಏಳುವುದಕ್ಕೇ ಹೆದರ್ತದೆ. ಆಮೇಲೆ ಅದಕ್ಕೆ ಧೈರ್ಯ ತುಂಬುವುದು ಯಾವ ಡಾಕ್ಟರ ಕೈಯಲ್ಲೂ ಆಗುವ ಕೆಲಸ ಅಲ್ಲ. ಆದ್ದರಿಂದ ಇವತ್ತೇ ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ ಗೋಣಿ ಹಾಸಿ. ಗೋಣಿಯೂ ಜಾರ್ತದೆ, ಅಂಚಿಗೆ ಏನಾದರೂ ಭಾರ ಇಡಿ. ನನ್ನಲ್ಲಿ ತೆಂಗಿನ ನಾರಿನ ಚಾಪೆ ಎರಡು ಉಂಟು, ದಪ್ಪದ್ದು, ಕಳಿಸ್ತೇನೆ. ನೀರಿನ ಪಾತ್ರೆಯನ್ನು ಒಂದು ಇಟ್ಟಿಗೆ ಎತ್ತರಕ್ಕೆ ಇಡಿ, ಬಗ್ಗಿ ಕುಡಿಯುವಾಗ ಮುಗ್ಗರಿಸದ ಹಾಗೆ. ಅಂಗಳಕ್ಕೆ ಇಳಿಯುವ ಮೂರು ಮೆಟ್ಟಿಲಿಗೆ ಹಲಗೆ ಓರೆಯಾಗಿ ಇಟ್ಟು ಮೇಲೆ ಗೋಣಿ ಬಿಗಿದರೆ ಆಯಿತು. ಮಳೆ ಹಿಡಿದ ಮೇಲೆ ಅಂಗಳದಲ್ಲಿ ಹಾವಸೆ ಕಟ್ತದಲ್ಲ, ಬೊಗ್ಗು ನಡೆಯುವ ದಾರಿಗೆ ಮಾತ್ರವಾದರೂ ಅಡಿಕೆ ಸೋಗೆ ಹಾಕಿ. ಪಾದದ ಅಡಿಯಲ್ಲಿ ಬೆರಳ ಸಂದಿನ ಕೂದಲು ಕತ್ತರಿಸಿ, ಉಗುರು ಉದ್ದ ಬಿಡಬೇಡಿ. ಅಷ್ಟರಿಂದಲೇ ಹಿಡಿತ ಎಷ್ಟೋ ಬರ್ತದೆ.

ಎಬ್ಬಿಸುವುದು ಹೇಗೆ ಅಂದರೆ, ಹಳೆಯ ಮೆತ್ತಗಿನ ಬೈರಾಸನ್ನು ಹೊಟ್ಟೆಯ ಅಡಿಯಿಂದ ತಂದು ಬೆನ್ನಿನ ಮೇಲೆ ಎರಡೂ ತುದಿ ಹಿಡಿಯಿರಿ. ಗಾಯಕ್ಕೆ ತಾಗಬಾರದು, ಉಚ್ಚೆ ಹೊಯ್ಯುವ ಜಾಗವನ್ನು ಒತ್ತಬಾರದು. ನೀವು ಎತ್ತಿ ನಡೆಸುವುದಲ್ಲ, ಬೀಳದ ಹಾಗೆ ಹಿಡಿಯುವುದು ಮಾತ್ರ. ಭಾರ ಅದೇ ಹೊರಲಿ. ನಿಂತಾಗ ಗಮನಿಸಿ: ಉಳಿದ ಹಿಂಗಾಲನ್ನು ಮೆಲ್ಲ ಮೆಲ್ಲ ಹೊಟ್ಟೆಯ ನಡುಗೆರೆಗೆ ತಂದುಕೊಳ್ತದೆ, ಬಾಲವನ್ನು ಒಂದು ಕಡೆಗೆ ಹಿಡಿದು ತೂಕ ನೋಡಿಕೊಳ್ತದೆ. ಯಾರೂ ಹೇಳಿಕೊಡದೆ ಅದು ಲೆಕ್ಕ ಹಾಕುವುದನ್ನು ಕರಿಯನಲ್ಲಿ ನಾನು ಕಣ್ಣಾರೆ ಕಂಡದ್ದು. ಗಂಡು ನಾಯಿಗೆ ಮೊದಲು ಗೊಂದಲ ಆಗುವುದು ಉಚ್ಚೆಗೆ. ಕಾಲೆತ್ತಲು ಹೋಗಿ ಬೀಳ್ತದೆ, ಆಮೇಲೆ ಮರಿಯ ಹಾಗೆ ಕುಕ್ಕರಿಸಿ ಹೊಯ್ತದೆ. ಎರಡು ದಿನ ಹೇಲಿಗೆ ಹೋಗದಿದ್ದರೆ ಗಾಬರಿ ಬೇಡ, ನೋವಿನ ಮದ್ದಿಗೆ ಹೊಟ್ಟೆ ಬಿಗಿಯುವುದುಂಟು. ಉಚ್ಚೆಯೇ ಒಂದು ದಿನ ಹೋಗದಿದ್ದರೆ ಮಾತ್ರ ಕೂಡಲೇ ಕರಕೊಂಡು ಹೋಗಿ.

ಮೊದಲ ಎರಡು ವಾರ ಹೊರಗೆ ಹೋಗುವುದು ಬಳ್ಳಿ ಕಟ್ಟಿ, ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಒಂದೇ ಸಲ ಉದ್ದಕ್ಕೆ ನಡೆಸಿದರೆ ಬಳಲಿ ಬೀಳ್ತದೆ. ಇನ್ನೊಂದು ವಿಚಿತ್ರ ಏನೆಂದರೆ, ಮೂರು ಕಾಲಿನ ನಾಯಿಗೆ ಓಡುವುದು ಸುಲಭ, ನಿಧಾನ ನಡೆಯುವುದು ಕಷ್ಟ. ಒಮ್ಮೆ ಕುಪ್ಪಳಿಸುವ ಲಯ ಸಿಕ್ಕಿತೆಂದರೆ ಬೆಕ್ಕಿನ ಹಿಂದೆ ಹಾರ್ತದೆ. ನಾವು ಖುಷಿಯಲ್ಲಿ ಬಿಟ್ಟುಬಿಡ್ತೇವೆ, ಒಳಗಿನ ಹೊಲಿಗೆ ಇನ್ನೂ ಹಸಿ ಇರ್ತದೆ. ತೋಡಿನ ಸಂಕ ದಾಟುವುದಂತೂ ಸದ್ಯಕ್ಕೆ ಬೇಡವೇ ಬೇಡ.

ಗಾಯದ ವಿಷಯ ಬೇಗ ಹೇಳಿಬಿಡ್ತೇನೆ. ನಾಳೆ ನಾಡಿದ್ದಿಗೆ ಸುತ್ತ ನೀಲಿಗಟ್ಟಿ ಊದ್ತದೆ, ಊತ ಹೊಟ್ಟೆಯ ಕಡೆಗೆ ಇಳಿಯುತ್ತದೆ. ಅದು ಸಹಜ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಮೆಲ್ಲ ಹಿಡಿಯಬಹುದು. ಬಿಸಿ ಬಂದರೆ, ವಾಸನೆ ಬಂದರೆ, ಕೀವು ಕಂಡರೆ ಡಾಕ್ಟರು. ಕೊರಳಿನ ಕೋನನ್ನು ಪಾಪ ಅಂತ ತೆಗೆಯಬೇಡಿ, ಹತ್ತು ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುವವರೆಗೆ ಇರಲಿ. ನಾಯಿಯ ನಾಲಗೆ ಮದ್ದು ಅನ್ನುವ ಮಾತು ನಂಬಬೇಡಿ, ಅದೇ ನಾಲಗೆಯಿಂದ ಹೊಲಿಗೆ ಬಿಚ್ಚುವುದು. ಅರಿಶಿನ, ತೆಂಗಿನೆಣ್ಣೆ ಏನೂ ಹಚ್ಚಬೇಡಿ. ನಮ್ಮ ಮಳೆಗಾಲದಲ್ಲಿ ನೊಣ ಕೂತರೆ ಮಾರನೆಯ ದಿನಕ್ಕೆ ಹುಳ, ಅದಕ್ಕೆ ಹಗಲಿಗೂ ಸೊಳ್ಳೆಪರದೆಯ ಅಡಿಯಲ್ಲೇ ಮಲಗಿಸಿ. ಇಲಿಜ್ವರದ ಚುಚ್ಚುಮದ್ದು, ಹುಚ್ಚುನಾಯಿ ಜ್ವರದ ಚುಚ್ಚುಮದ್ದು ಬಾಕಿ ಇದ್ದರೆ ಹೊಲಿಗೆ ಬಿಚ್ಚುವ ದಿನ ಕೇಳಿಕೊಳ್ಳಿ.

ತಿನ್ನುವುದಿಲ್ಲ ಅಂತ ನಿಮ್ಮ ಸಂಕಟ. ಒಂದೆರಡು ದಿನ ಹಾಗೆ. ಗಂಜಿಯನ್ನು ಉಗುರು ಬೆಚ್ಚಗೆ ಮಾಡಿ, ಒಂದು ಬೇಯಿಸಿದ ಮೊಟ್ಟೆ ಹಿಚುಕಿ ಹಾಕಿ, ಕೈಯಲ್ಲೇ ಕೊಡಿ. ವಾಸನೆ ಏರಿದರೆ ತಿನ್ನುತ್ತದೆ. ನನಗೆ ಚಿಂತೆ ತಿನ್ನದ ಈ ಎರಡು ದಿನದ್ದಲ್ಲ, ಆಮೇಲಿನದು. ಕಾಲಿಲ್ಲದ ಪಾಪದ್ದು ಅಂತ ಮನೆಯವರೆಲ್ಲ ಒಂದೊಂದು ದೋಸೆ, ಒಂದೊಂದು ಹಿಡಿ ತುಪ್ಪದನ್ನ ಹಾಕಲು ಶುರು ಮಾಡ್ತಾರೆ. ಏರಿದ ಪ್ರತಿಯೊಂದು ಕಿಲೋವನ್ನೂ ಉಳಿದ ಮೂರು ಕಾಲುಗಳೇ ಹೊರಬೇಕು, ಸೊಂಟವೂ ಮೊಣಕಾಲೂ ಬೇಗ ಸವೆಯುತ್ತವೆ. ಬದಿಗೆ ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಅಷ್ಟೇ ಅಳತೆ. ಪ್ರೀತಿ ತೋರಿಸಬೇಕು ಅಂತಿದ್ದರೆ ಪಕ್ಕದಲ್ಲಿ ಕೂತು ಉಳಿದ ತೊಡೆಯನ್ನು ಮೆಲ್ಲ ತಿಕ್ಕಿ ಕೊಡಿ. ಇಡೀ ದಿನ ದುಡಿದ ಸ್ನಾಯು ಅದು, ಗಂಟು ಕಟ್ಟಿರ್ತದೆ.

ಮಗ ಫೋನಿನಲ್ಲಿ ಕೃತಕ ಕಾಲು ನೋಡಿದ್ದಾನಂತಾ? ಇರುವುದು ಹೌದು. ಥಾಯ್ಲೆಂಡಿನಲ್ಲಿ 2006ರಲ್ಲಿ ನೆಲಬಾಂಬು ತುಳಿದು ಪಾದ ಕಳಕೊಂಡ ಮೋಶಾ ಎಂಬ ಮರಿಯಾನೆಗೆ ಅಲ್ಲಿಯ ವೈದ್ಯರು ಕಾಲು ಮಾಡಿಕೊಟ್ಟರು, ಅದು ಬೆಳೆದ ಹಾಗೆ ಹೊಸ ಹೊಸದು. ಜೈಪುರದಲ್ಲಿ ತಪೇಶ್ ಮಾಥುರ್ ಎಂಬ ಪಶುವೈದ್ಯರು ದನ ಕರುಗಳಿಗೆ ಮಾಡ್ತಾರೆ. ನಮ್ಮವರಿಗೆ ಈ ಕನಸು ಇವತ್ತಿನದ್ದೂ ಅಲ್ಲ, ಋಗ್ವೇದದಲ್ಲೇ ವಿಶ್ಪಲೆಯ ಕಾಲು ಕತ್ತರಿಸಿಹೋದಾಗ ಅಶ್ವಿನಿ ದೇವತೆಗಳು ಲೋಹದ ಕಾಲು ಕೊಟ್ಟ ಕಥೆ ಉಂಟು. ಅವಳು ಹೆಂಗಸಲ್ಲ, ಓಟದ ಕುದುರೆ ಅನ್ನುವ ವಿದ್ವಾಂಸರೂ ಇದ್ದಾರೆ. ಆದರೆ ಕೃತಕ ಕಾಲನ್ನು ತೊಡಿಸಲು ಕೆಳಗೆ ಒಂದಿಷ್ಟು ಮೊಂಡು ಕಾಲು ಉಳಿದಿರಬೇಕು. ಬೊಗ್ಗುವಿಗೆ ಅದಿಲ್ಲ. ಆನೆಯ, ದನದ ಭಾರಕ್ಕೆ ಕೃತಕ ಕಾಲು ಬೇಕೇ ಬೇಕು, ಹದಿನೈದು ಕಿಲೋದ ನಾಯಿಗೆ ಬೇಡ. ಮಗನಿಗೆ ಹೀಗೆ ತಿಳಿಸಿ ಹೇಳಿ, ಅವನು ನಿರಾಸೆ ಮಾಡಿಕೊಳ್ಳದ ಹಾಗೆ.

ನನ್ನ ಸಿಟ್ಟಿರುವುದು ಹಂದಿಗೆ ಅಂತ ಇಟ್ಟು ಬೊಗ್ಗುವಿನ ಕಾಲು ಹಿಡಿದ ಆ ಉರುಳಿನ ಮೇಲೆ. ಬೈಕಿನ ಕ್ಲಚ್ಚಿನ ವಯರು, ಒಂದು ಗೂಟ, ಅಷ್ಟೇ. ಎಳೆದಷ್ಟೂ ಬಿಗಿಯುತ್ತದೆ, ರಕ್ತ ನಿಲ್ತದೆ. ನೀವು ಕಟ್ಟಿಂಗ್ ಪ್ಲೇಯರಿನಲ್ಲಿ ವಯರು ಕತ್ತರಿಸಿದಾಗ ಗಾಯ ದಾರದಷ್ಟೇ ಕಂಡದ್ದು ಸಹಜ. ಒಳಗೆ ಆಗಲೇ ಕಾಲು ಸತ್ತಿರಬಹುದು. ತಣ್ಣಗಾಗುವುದು, ಊದುವುದು, ಕಪ್ಪಾಗುವುದು ಎಲ್ಲ ದಿನ ಕಳೆದ ಮೇಲೆ ಗೊತ್ತಾಗುವುದು. ಹಂದಿಯ ಕಾಟ ಸುಳ್ಳಲ್ಲ. ನಮ್ಮ ಮರಗೆಣಸು, ಬಾಳೆ, ಸಣ್ಣ ಅಡಿಕೆ ಗಿಡ ಎಲ್ಲ ಅಗೆದು ಹಾಕಿದೆ. ಆದರೆ 2022ರ ಮೇ ತಿಂಗಳಲ್ಲಿ ಕೃಷಿ ಹಾಳು ಮಾಡುವ ಹಂದಿಯನ್ನು ಪರವಾನಗಿಯ ಕೋವಿ ಇರುವವರಿಂದ ಹೊಡೆಸಲು ಪಂಚಾಯತು ಅಧ್ಯಕ್ಷರೇ ಅನುಮತಿ ಕೊಡುವ ವ್ಯವಸ್ಥೆಯನ್ನು ಕೇರಳ ಸರಕಾರ ಮಾಡಿತು. ದಾರಿ ಉಂಟು. ಉರುಳು ಇಡುವುದು 1972ರ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ, ಅದಕ್ಕೆ ಸಿಕ್ಕುವುದು ಹಂದಿ ಮಾತ್ರವೂ ಅಲ್ಲ. ನಾಳೆ ಸೋಗೆ ಹೆಕ್ಕಲು ಹೋದ ಮಗುವಿನ ಕಾಲು ಸಿಕ್ಕಬಹುದು. ಆ ವಯರಿನ ತುಂಡು ಬಿಸಾಡಿಲ್ಲ ತಾನೆ? ಇಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಗೆ ನಾನೂ ಬರ್ತೇನೆ, ಯಾರ ಹೆಸರೂ ಎತ್ತದೆ ಅದನ್ನು ಮೇಜಿನ ಮೇಲೆ ಇಟ್ಟು ಮಾತಾಡುವ. ಅದಕ್ಕೆ ಮೊದಲು ಭಾನುವಾರ ಹುಡುಗರನ್ನು ಸೇರಿಸಿ ಗುಡ್ಡೆಯ ಬದಿ ಒಮ್ಮೆ ಹುಡುಕಿಸುವ, ಒಂದೇ ಉರುಳು ಇಟ್ಟು ಯಾರೂ ಸುಮ್ಮನಾಗುವುದಿಲ್ಲ.

ಗಂಟೆ ಎಷ್ಟಾಯಿತು? ಎಂಟಕ್ಕೆ ಮಾತ್ರೆ ಅಂದಿರಲ್ಲ, ಹೋಗಿ ಅಕ್ಕ. ಖಾಲಿ ಹೊಟ್ಟೆಗೆ ಬೇಡ, ಮೊದಲು ಎರಡು ತುತ್ತು ಗಂಜಿ. ಚಾಪೆ ನಾನು ಈಗಲೇ ಬೇಲಿಯ ಮೇಲಿಂದ ದಾಟಿಸ್ತೇನೆ, ಮಗನನ್ನು ಕಳಿಸಿ.