ಸಭೆಯಲ್ಲಿ ಒಬ್ಬನಾದರೂ ಬೇಡವೇ?

ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನಲ್ಲಿ ಭಾನುವಾರದ ಹಳೆ ಪುಸ್ತಕಗಳ ಸಂತೆ. ಕಾಚಿಗುಡದ ಕವಿಗಳು ವಾಚಕರಾಯರನ್ನು ಹಿಡಿದರು. (ಜೋಳಿಗೆಯಲ್ಲಿ ಹಸ್ತಪ್ರತಿ, ಅಪಾಯದ ಸೂಚನೆ.)

"ಇಷ್ಟೆಲ್ಲ ಓದಿದವರು, ನೀವೇಕೆ ಬರೆಯಬಾರದು?"

"ಎಲ್ಲರೂ ವೇದಿಕೆ ಹತ್ತಿದರೆ ಕೆಳಗೆ ಕೂರುವವರಾರು ಸ್ವಾಮಿ?"

"ಬರೆದವನಿಗೆ ಶಾಲು, ಹಾರ, ಫಲತಾಂಬೂಲ..."

"ಓದುವವನಿಗೆ ಸ್ವಾತಂತ್ರ್ಯ! 'ಮಲೆಗಳಲ್ಲಿ ಮದುಮಗಳು' ಮಗುಚಿಟ್ಟು ಇರಾನಿ ಚಾಯ್ ಕುಡಿದು ಬರುತ್ತೇನೆ. ಆ ಕಾದಂಬರಿಯಲ್ಲಿ 1967ರಿಂದ ಕಾದಿರುವ ಗುತ್ತಿ ಇನ್ನೊಂದು ಗಳಿಗೆ ಕಾಯುತ್ತಾನೆ. ಬೇಸರವಾದರೆ ಪುಟ ಹಾರಿಸುತ್ತೇನೆ. ನೀವೋ, ನಿಮ್ಮದನ್ನೇ ಹತ್ತು ಸಲ ಓದಬೇಕು. ಪಾಪ!"

"ಅಫ್ಜಲ್‌ಗಂಜ್ ಗ್ರಂಥಾಲಯದಲ್ಲಿ ನಮ್ಮ ಹೆಸರು ಉಳಿಯಬೇಡವೇ?"

"1891ರ ಗ್ರಂಥಾಲಯ ಅದು. ಆ ಹೆಸರುಗಳನ್ನು ಕಪಾಟಿನಿಂದ ಇಳಿಸುವವರು ನಾವೇ."

"ನನ್ನ ಸಂಕಲನ ಓದಿದಿರಾ?"

"ಓದಿದೆ. ಬರೆಯುವ ಆಸೆ ಬಿಟ್ಟಿದ್ದೇ ಅಂದು. ನೀವು ಬರೆಯಿರಿ ಕವಿಗಳೇ, ಆದರೆ ವಾರಕ್ಕೊಮ್ಮೆಯಾದರೂ ಬೇರೆಯವರದನ್ನು ಓದಿ!"