ಶಕ್ತಿಮಾನ್ ಪರೀಕ್ಷಾಧಿಕಾರಿ

ಸಿರವಾರ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಅವನದೊಂದು ಗೊಬ್ಬರ-ಔಷಧದ ಅಂಗಡಿ. ಹತ್ತಿಗೆ ಹುಳ ಬಿದ್ದಿದೆ ಎಂದು ಓಡಿಬಂದ ರೈತನಿಗೂ ಮೊದಲು ಪ್ರಶ್ನೆ, ಆಮೇಲೆ ಔಷಧ.

"ಯಣ್ಣಾ, ಗಂಗಾಧರನ ಪೂರ್ತಿ ಹೆಸರೇನು, ಹೇಳು ನೋಡೋಣ?"

"ಯಾವ ಗಂಗಾಧರಪ್ಪ, ಮಾನ್ವಿಯಂವಾ?"

"ಏ, ಶಕ್ತಿಮಾನ್ ಗಂಗಾಧರ! ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ."

"ಯಪ್ಪಾ, ಪಹಣ್ಯಾಗ ನನ್ನ ಒಂದು ಹೆಸರೇ ನೆಟ್ಟಗ ಬಂದಿಲ್ಲ. ಔಷಧ ಕೊಡು ಮಾರಾಯ."

1997ರಲ್ಲಿ ದೂರದರ್ಶನದಲ್ಲಿ ಶುರುವಾದ 'ಶಕ್ತಿಮಾನ್' 2005ಕ್ಕೆ ಮುಗಿಯಿತು. ಇವನ ಕ್ವಿಜ್ ಮುಗಿದಿಲ್ಲ. ಚಂದನದ 'ಥಟ್ ಅಂತ ಹೇಳಿ'ಯಲ್ಲಿ ಡಾ. ನಾ. ಸೋಮೇಶ್ವರ ಅವರು ಸರಿ ಉತ್ತರಕ್ಕೆ ನಗುತ್ತ ಪುಸ್ತಕ ಕೊಡುತ್ತಾರೆ. ಇವನು ಬೀಜದ ಕಂಪನಿಯ ಹೋದ ವರ್ಷದ ಕ್ಯಾಲೆಂಡರ್ ಕೊಡುತ್ತಾನೆ, ಅದೂ ಮುಖ ಸಣ್ಣದು ಮಾಡಿಕೊಂಡು. ಯಾರಿಗೂ ಉತ್ತರ ಬರದ ದಿನ ಮಾತ್ರ ಎಲ್ಲರಿಗೂ ಚಹಾ ಹೇಳುತ್ತಾನೆ. ಉತ್ತರಕ್ಕೆ ಮೊಬೈಲ್ ತೆಗೆದವನಿಗೆ ಉದ್ರಿ ಬಂದ್.

"ಗೀತಾ ವಿಶ್ವಾಸ್ ಪಾತ್ರ ಮಾಡಿದ್ದು ಯಾರು?" ಎಂಬುದು ಅವನ ಬ್ರಹ್ಮಾಸ್ತ್ರ. ವೈಷ್ಣವಿ ಮಹಂತ್ ಎಂದರೆ "ಅದಕ್ಕೂ ಮೊದಲು?" ಎನ್ನುತ್ತಾನೆ. ಕಿಟು ಗಿಡ್ವಾನಿ ಎಂದರೆ "ಆಮ್ಯಾಲ?" ಎನ್ನುತ್ತಾನೆ. ಎರಡೂ ಹೆಸರು ಹೇಳಿಬಿಟ್ಟರೆ, ಇಲ್ಲದ ಗಿರಾಕಿಯನ್ನು ಮಾತಾಡಿಸಲು ಎದ್ದು ಹೋಗುತ್ತಾನೆ.

ವಿದ್ಯುತ್ ಉತ್ಪಾದಿಸುವ ಶಕ್ತಿನಗರ ನಮ್ಮ ಜಿಲ್ಲೆಯಲ್ಲೇ ಇದ್ದರೂ, ಟಿವಿಯಲ್ಲಿ ತಮ್‌ರಾಜ್ ಕಿಲ್ವಿಷ್ 'ಅಂಧೇರಾ ಕಾಯಂ ರಹೇ' ಎಂದ ಕೂಡಲೇ ಇಲ್ಲಿ ಕರೆಂಟ್ ಹೋಗುತ್ತಿತ್ತು ಎಂಬುದು ಅವನ ಹಳೆಯ ದೂರು. ಕರೆಂಟ್ ಇಲ್ಲದಾಗ ನಡೆದುಹೋದ ಕತೆಯ ಮೇಲೂ ಅವನಲ್ಲಿ ಪ್ರಶ್ನೆಗಳಿವೆ. ಅವಕ್ಕೆ ಅವನು ಹೇಳಿದ್ದೇ ಸರಿ ಉತ್ತರ.

ಮೊನ್ನೆ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಹಿರಿಯರೊಬ್ಬರು ಕೇಳಿದರು:

"ತಮ್ಮಾ, ನಿನ್ನ ಶಕ್ತಿಮಾನ್, ಆ ಮುಕೇಶ್ ಖನ್ನಾ, ಮಹಾಭಾರತದಾಗ ಭೀಷ್ಮ ಆಗಿದ್ದಂವ ಅಲ್ಲೇನು?"

"ಹೌದು ಕಾಕಾ."

"ಕಿಲ್ವಿಷ್ ಆದ ಸುರೇಂದ್ರ ಪಾಲ್, ದ್ರೋಣಾಚಾರಿ?"

"ಹೌದು."

"ಇಬ್ರೂ ಕೌರವರ ಉಪ್ಪು ಉಂಡವರು. ಅಲ್ಲಿ ಒಂದೇ ಕಡಿ ಇದ್ದವರು ಇಲ್ಲ್ಯಾಕ ಬಡಿದಾಡಿದ್ರು? ಥಟ್ ಅಂತ ಹೇಳು."

ಪರೀಕ್ಷಾಧಿಕಾರಿ ಯೂರಿಯಾ ಚೀಲ ಎಣಿಸತೊಡಗಿದ. "ಅದು ಸಿಲೆಬಸ್‌ನಾಗ ಇಲ್ಲ ಕಾಕಾ."

ಸಿರವಾರದ ಕಡೆ ಹೋಗುವವರು ಒಂದು ಉತ್ತರ ಬಾಯಿಪಾಠ ಮಾಡಿಟ್ಟುಕೊಳ್ಳಿ: ಗಂಗಾಧರ ಕೆಲಸಕ್ಕಿದ್ದ ಪತ್ರಿಕೆ 'ಆಜ್ ಕೀ ಆವಾಜ್'. ಚಹಾ ಕುಡಿಯುವ ಮನಸ್ಸಿದ್ದರೆ ಮಾತ್ರ, ಗೊತ್ತಿಲ್ಲ ಎನ್ನಿ.