ನಂಬೋದು ನಿಮ್ಮಿಷ್ಟ, ಮೇಷ್ಟ್ರೇ

ಅಲ್ಲ ಮೇಷ್ಟ್ರೇ, ಪೇಪರ್ ಹಾಕೋ ಹುಡುಗನಿಗೆ ‘ನಾಳೆಯಿಂದ ಇದು ಬೇಡ’ ಅಂದ್ರಂತೆ? ನಿಮ್ಮ ಪಕ್ಷಾನ ಬೈದು ಬರೀತಾರೆ ಅಂತಲೋ? ಬನ್ನಿ ಇತ್ತ, ಕಾಂಪೌಂಡ್ ಹತ್ತಿರ. ಅಮೆರಿಕದ ಚಾರ್ಲ್ಸ್ ಪರ್ಸ್ 1877ರಲ್ಲಿ ಒಂದು ಲೇಖನ ಬರೆದ. ಇಂಥ ಪತ್ರಿಕೆ ಓದಬೇಡ, ಮುಕ್ತ ವ್ಯಾಪಾರದ ಬಗ್ಗೆ ನಿನ್ನ ಅಭಿಪ್ರಾಯ ಬದಲಾದೀತು ಅಂತ ಯಾರೋ ಅವನನ್ನ ಅಂಗಲಾಚಿದ್ರಂತೆ! ಅಭಿಪ್ರಾಯ ಏನು ಹಾಲೇ, ಒಂದು ತೊಟ್ಟು ಹುಳಿ ಬಿದ್ರೆ ಒಡೆಯೋಕೆ? ಹೀಗೆ ಕಣ್ಣುಮುಚ್ಚಿ ಹಿಡಿದ ನಂಬಿಕೆ ಬಾಳಲ್ಲ ಅಂತಾನೆ ಪರ್ಸ್. ಕಾಡು ಸೇರಿ ಸನ್ಯಾಸಿ ಆಗದಿದ್ರೆ, ಬೇರೆ ಥರ ಯೋಚಿಸೋರು ಎದುರಾಗೇ ಆಗ್ತಾರೆ.

‘ನನ್ನ ನಂಬಿಕೆ ನನಗೆ, ನಿಮಗೇನ್ರೀ’ ಅಂತೀರ. ಸರಿ, ಕಾಫಿಗೆ ಸಕ್ಕರೆ ಎಷ್ಟು ಅನ್ನೋ ವಿಚಾರ ಆದ್ರೆ ನಾನು ತುಟಿ ಪಿಟಕ್ ಅನ್ನಲ್ಲ. ಆದರೆ ‘ಈ ಸರ್ಕಾರ ಬಂದ್ಮೇಲೆ ರಸ್ತೆ ಸುಧಾರಿಸಿತು’ ಅಂತ ಮೊನ್ನೆ ಗೇಟಿನ ಮುಂದೆ ನಿಂತು ಹೇಳಿದ್ರಲ್ಲ, ನಿಜ ಅಂತ ತಾನೆ ಹೇಳಿದ್ದು? ನಿಜ ಅಂದ ಮೇಲೆ ‘ಹೇಗೆ’ ಅಂತ ನಾನು ಕೇಳಬಹುದು, ಆ ತಿರುವಿನ ಗುಂಡಿಯನ್ನೂ ತೋರಿಸಬಹುದು. ಟೊರೊಂಟೊದ ಚೆರಿಲ್ ಮಿಸಾಕ್ 2000ರಲ್ಲಿ ಬರೆದ ಪುಸ್ತಕದಲ್ಲಿ ಪರ್ಸ್‌ನ ಜಾಡು ಹಿಡಿದು ಇದನ್ನೇ ವಾದಿಸ್ತಾರೆ: ನಂಬ್ತೀನಿ ಅಂದೋನು ಕಾರಣ ಕೊಡೋಕೆ, ಎದುರು ಸಾಕ್ಷಿಗೆ ಕಿವಿಗೊಡೋಕೆ ಆಗಲೇ ಒಪ್ಪಿದ ಹಾಗೆ. ಚರ್ಚೆ ಬೇಕು ಅನ್ನೋಕೆ ಬೇರೆ ದೊಡ್ಡ ಆದರ್ಶ ಹುಡುಕೋದೇ ಬೇಡ. ನನಗಂತೂ ಹಿಡಿಸ್ತು.

‘ಲಕ್ಷಾಂತರ ಜನ ನನ್ನ ಥರಾನೇ ಹೇಳ್ತಾರೆ’ ಅನ್ನೋದು ನಿಮ್ಮ ಬ್ರಹ್ಮಾಸ್ತ್ರ. ಲೆಕ್ಕದ ಮೇಷ್ಟ್ರು ನೀವು, ಲೆಕ್ಕಾನೇ ಕೇಳಿ. ಫ್ರಾನ್ಸಿನ ಕಾಂಡೋರ್ಸೆ 1785ರಲ್ಲಿ ತೋರಿಸಿದ್ದು. ನೂರಕ್ಕೆ 60 ಸಲ ಸರಿ ಹೇಳೋ ಮೂವರನ್ನ ಕೂರಿಸಿ, ಅವರ ಬಹುಮತ ಸುಮಾರು 65 ಸಲ ಸರಿ ಇರುತ್ತೆ. ಅಂಥ 101 ಜನ ಸೇರಿದ್ರೆ 97 ದಾಟುತ್ತೆ. ಹಿಗ್ಗಬೇಡಿ, ಷರತ್ತಿದೆ. ಒಬ್ಬೊಬ್ಬರೂ ತಂತಮ್ಮ ತಲೆ ಓಡಿಸಿರಬೇಕು. ಬೆಳಗ್ಗೆ ಬಂದ ಒಂದೇ ವಾಟ್ಸಾಪ್ ಮೆಸೇಜ್ ಓದಿ 101 ಜನ ಕೈ ಎತ್ತಿದ್ರೆ, ಎದ್ದಿದ್ದು ಒಂದೇ ಕೈ. ಒಬ್ಬೊಬ್ಬರೂ ಅರ್ಧಕ್ಕಿಂತ ಹೆಚ್ಚು ಸಲ ತಪ್ಪೋರಾದ್ರಂತೂ, ಜನ ಹೆಚ್ಚಿದಷ್ಟೂ ತಪ್ಪೇ ಗಟ್ಟಿ! ಪಾಪ, ಬಹುಮತದ ಲೆಕ್ಕ ಹಾಕಿದ ಆ ಮನುಷ್ಯ ಕ್ರಾಂತಿಯ ಗದ್ದಲದಲ್ಲಿ ತಲೆಮರೆಸಿಕೊಂಡು, ಸಿಕ್ಕಿಬಿದ್ದು, 1794ರಲ್ಲಿ ಸೆರೆಯಲ್ಲೇ ಸತ್ತ.

‘ನಮ್ಮೋರಿಗೆಲ್ಲಿ ಚರ್ಚೆ ಬರುತ್ತೆ’ ಅಂದ್ರಾ? ಪರೋಮಿತಾ ಸನ್ಯಾಲ್, ವಿಜಯೇಂದ್ರ ರಾವ್ ಅನ್ನೋರು ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತನ್ನ ಅಕ್ಷರಕ್ಕಿಳಿಸಿ ಓದಿದಾರೆ. ನೀರು, ರಸ್ತೆ, ಬಿಪಿಎಲ್ ಪಟ್ಟಿ, ಎಲ್ಲದರ ಮೇಲೂ ಜನ ಎದ್ದು ಕೇಳ್ತಾರೆ. ಕೂಗಾಟ ಇಲ್ಲ ಅಂತಲ್ಲ, ಇರುತ್ತೆ. ಆದ್ರೂ ಎಲ್ಲರೆದುರು ‘ಪಟ್ಟಿಯಲ್ಲಿ ನನ್ನ ಹೆಸರು ಯಾಕಿಲ್ಲ’ ಅಂತ ಕೇಳಿದ್ರೆ ಅಧಿಕಾರಿ ಏನಾದ್ರೂ ಒಂದು ಕಾರಣ ಹೇಳಬೇಕಲ್ಲ. ನಮ್ಮ ವಾರ್ಡಿನಲ್ಲೂ ಸಭೆ ಕರೆಸೋಣ. ನೀವು ನನ್ನ ಎದುರುಗಡೆ ಕೂತ್ಕೊಳ್ಳಿ, ಪಕ್ಕದಲ್ಲಿ ಬೇಡ.